ಕ್ಯಾಂಪ್ ನಂಬರ್ ಮೂರು, ಲಾಮಾ ಕ್ಯಾಂಪ್ ನಂಬರ್ ಎರಡು: ನಿರಾಶ್ರಿತರಿಗೆ ಕಾನೂನಿನ ದಾರಿ ಯಾಕೆ ಬೇಕು

ಡಿಸೆಂಬರ್ ತಿಂಗಳು. ಮುಂಬೈಯ ಪರೇಲ್‌ನ ರಸ್ತೆ ಬದಿಯ ಸ್ವೆಟರ್ ಅಂಗಡಿಯೊಂದರ ಮುಂದೆ ನಿಂತಿದ್ದೆ. ಚಳಿಗಾಲ ಬಂದರೆ ಟಿಬೆಟಿಯನ್ನರು ಬಂದು ಅಂಗಡಿ ಹಾಕುವ ಜಾಗ ಅದು. ಅತ್ತೆಗೆ ಒಂದು ಶಾಲು ಬೇಕಿತ್ತು. ಬೆಲೆ ಕೇಳಿ, ಜೊತೆಗಿದ್ದ ಮಗಳಿಗೆ ಮೆಲ್ಲಗೆ "ಜಾಸ್ತಿ ಆಯ್ತು, ನಡಿ" ಎಂದೆ. ಅಂಗಡಿಯಾಕೆ ನಕ್ಕರು. "ಜಾಸ್ತಿ ಏನಿಲ್ರಿ ಅಕ್ಕಾ, ಮುಟ್ಟಿ ನೋಡ್ರಿ, ಚಲೋ ಐತಿ" ಎಂದರು. ಹುಬ್ಬಳ್ಳಿ ಕಡೆಯ ಕನ್ನಡ. ನನ್ನ ತವರಿನ ಕನ್ನಡ.

"ಯಾವೂರ್ರೀ ನಿಮ್ದು?" ಎಂದು ಕೇಳಿದೆ.

"ಮುಂಡಗೋಡ."

ನನ್ನದು ಹಾನಗಲ್. ಪಕ್ಕದ ತಾಲ್ಲೂಕು. ಶಾಲು ಕೊಂಡೆ, ಅಲ್ಲೇ ನಿಂತು ಚಹಾ ಕುಡಿದೆವು. ಅವರು ಹುಟ್ಟಿದ್ದು 1989ರಲ್ಲಿ, ಮುಂಡಗೋಡದಲ್ಲೇ. ಅವರ ಅಕ್ಕ ಹುಟ್ಟಿದ್ದು 1985ರಲ್ಲಿ, ಅದೇ ಮನೆಯಲ್ಲಿ. ಅಕ್ಕನ ಹತ್ತಿರ ಈಗ ಭಾರತದ ಪಾಸ್‌ಪೋರ್ಟ್ ಇದೆ. ಇವರ ಹತ್ತಿರ ಇರುವುದು ಆರ್‌ಸಿ, ಅಂದರೆ ವಿದೇಶಿಯರಿಗೆ ಕೊಡುವ ನೋಂದಣಿ ಪುಸ್ತಕ. ಅವಧಿ ಮುಗಿದಾಗಲೆಲ್ಲ ಅದನ್ನು ನವೀಕರಿಸಬೇಕು. ಒಂದೇ ತಾಯಿಯ ಮಕ್ಕಳು. ಒಬ್ಬರು ಭಾರತೀಯರು, ಇನ್ನೊಬ್ಬರು ವಿದೇಶಿ.

ಇದಕ್ಕೆ ಕಾರಣ ಒಂದು ತಾರೀಖು. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದ ನೆಲದಲ್ಲಿ ಹುಟ್ಟಿದವರು ನಮ್ಮ ಪೌರತ್ವ ಕಾಯ್ದೆಯ ಪ್ರಕಾರ ಹುಟ್ಟಿನಿಂದಲೇ ಪ್ರಜೆಗಳು. ಅಪ್ಪ ಅಮ್ಮ ಯಾರೇ ಆಗಿರಲಿ. ಆಮೇಲೆ ಹುಟ್ಟಿದವರಿಗೆ ತಂದೆ ತಾಯಿಯಲ್ಲಿ ಒಬ್ಬರಾದರೂ ಭಾರತೀಯರಾಗಿರಬೇಕು. ಟಿಬೆಟಿಯನ್ನರಿಗೂ ಈ ನಿಯಮ ಅನ್ವಯಿಸುತ್ತದೆ ಎಂದು ದೆಹಲಿ ಹೈಕೋರ್ಟ್ 2010ರಲ್ಲಿ, ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಿದವು. ಕೋರ್ಟು ಹೇಳಿದ್ದರಿಂದ ಅಕ್ಕನಿಗೆ ಪಾಸ್‌ಪೋರ್ಟ್ ಸಿಕ್ಕಿತು. ತಂಗಿಗೆ ಆ ನಿಯಮದಲ್ಲಿ ದಾರಿ ಇಲ್ಲ.

ಅವತ್ತು ಡೊಂಬಿವಲಿಯ ಲೋಕಲ್‌ನಲ್ಲಿ ಮನೆಗೆ ಬರುವಾಗ ಇದೇ ತಲೆಯಲ್ಲಿತ್ತು. ಮುಂಡಗೋಡದ ಹೆಣ್ಣುಮಗಳು ನನಗಿಂತ ಚೆನ್ನಾಗಿ ಕನ್ನಡದಲ್ಲಿ ಚೌಕಾಸಿ ಮಾಡುತ್ತಾರೆ. ಆದರೂ ಸರ್ಕಾರದ ಲೆಕ್ಕದಲ್ಲಿ ಅವರು ಈ ನೆಲದವರಲ್ಲ. ಹಾಗೆಂದು ಅವರನ್ನು ಯಾರೂ ಓಡಿಸುತ್ತಲೂ ಇಲ್ಲ. ಇರಬಹುದು, ಆದರೆ ಎಷ್ಟು ದಿನ, ಯಾವ ಹಕ್ಕಿನಿಂದ ಎಂದು ಯಾರೂ ಬರೆದು ಕೊಡುವುದಿಲ್ಲ. ನಿರಾಶ್ರಿತರ ವಿಷಯದಲ್ಲಿ ಭಾರತದ ನೀತಿ ಏನು ಎಂದು ಕೇಳಿದರೆ, ಬಹುಪಾಲು ಉತ್ತರ ಇಷ್ಟೇ.

ವಲಸೆ ಬೇರೆ, ದಿಕ್ಕಿಲ್ಲದೆ ಬರುವುದು ಬೇರೆ

ಮುಂಬೈ ಕನ್ನಡಿಗರ ಸಭೆಗಳಲ್ಲಿ ಒಂದು ಮಾತು ಬರುತ್ತಲೇ ಇರುತ್ತದೆ. "ನಾವೂ ವಲಸೆ ಬಂದವರೇ ಅಲ್ವಾ?" ನಿಜ. ಉಡುಪಿಯಿಂದ ಹೋಟೆಲ್ ಕೆಲಸಕ್ಕೆ ಬಂದ ಹುಡುಗರು ಹಗಲು ಪ್ಲೇಟು ತೊಳೆದು ರಾತ್ರಿ ಕನ್ನಡ ಶಾಲೆಯಲ್ಲಿ ಓದಿದರು. ಕಲಬುರಗಿ, ವಿಜಯಪುರದ ಕಡೆಯವರು ಮಳೆ ಕೈಕೊಟ್ಟಾಗ ಗಂಟುಮೂಟೆ ಕಟ್ಟಿಕೊಂಡು ಬಂದು ಬೆಳಿಗ್ಗೆ ನಾಕಾದಲ್ಲಿ ಕೂಲಿಗೆ ನಿಲ್ಲುತ್ತಾರೆ. ಕಷ್ಟ ಸಣ್ಣದಲ್ಲ. ಆದರೆ ನಮಗೆಲ್ಲ ಊರು ಎನ್ನುವುದು ಉಳಿದಿದೆ. ಜಾತ್ರೆಗೆ ಹೋಗುತ್ತೇವೆ, ಮತ ಹಾಕಲು ಹೋಗುತ್ತೇವೆ, ಸತ್ತರೆ ಮಣ್ಣಿಗೆ ಹೋಗುತ್ತೇವೆ.

ನಿರಾಶ್ರಿತರಿಗೆ ಊರಿಗೆ ಮರಳುವ ಆ ಬಸ್ಸು ಇಲ್ಲ. 1951ರ ಜಿನೀವಾ ಒಪ್ಪಂದ ಹೇಳುವುದು ಇದನ್ನೇ. ಜನಾಂಗ, ಧರ್ಮ, ರಾಷ್ಟ್ರೀಯತೆ, ರಾಜಕೀಯ ಅಭಿಪ್ರಾಯ, ಅಥವಾ ಒಂದು ಗುಂಪಿಗೆ ಸೇರಿದ್ದಾರೆ ಎಂಬ ಕಾರಣಕ್ಕೆ ಜೀವಕ್ಕೋ ಸ್ವಾತಂತ್ರ್ಯಕ್ಕೋ ಅಪಾಯ ಇದ್ದು, ತನ್ನ ದೇಶಕ್ಕೆ ಮರಳಲಾಗದವರು ನಿರಾಶ್ರಿತರು. ಅಂಥವರನ್ನು ಅಪಾಯ ಇರುವ ಜಾಗಕ್ಕೇ ವಾಪಸ್ ದೂಡಬಾರದು ಎನ್ನುವುದು ಒಪ್ಪಂದದ ಬೆನ್ನೆಲುಬು. ಭಾರತ ಇದಕ್ಕೆ ಸಹಿ ಹಾಕಿಲ್ಲ. 1967ರ ಪೂರಕ ಒಪ್ಪಂದಕ್ಕೂ ಹಾಕಿಲ್ಲ.

ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಯುಎನ್‌ಎಚ್‌ಸಿಆರ್ ಲೆಕ್ಕದಂತೆ 2024ರ ಕೊನೆಗೆ ಜಗತ್ತಿನಲ್ಲಿ 12 ಕೋಟಿ 32 ಲಕ್ಷ ಜನ ಬಲವಂತವಾಗಿ ನೆಲೆ ಕಳೆದುಕೊಂಡಿದ್ದರು. ಅವರಲ್ಲಿ ಹೆಚ್ಚಿನವರು ತಮ್ಮ ದೇಶದೊಳಗೇ ಚದುರಿದವರು. ದೇಶ ದಾಟಿದ ನಿರಾಶ್ರಿತರು ಸುಮಾರು 4 ಕೋಟಿ 27 ಲಕ್ಷ. ಇವರೆಲ್ಲ ಲಂಡನ್, ನ್ಯೂಯಾರ್ಕ್‌ಗೆ ನುಗ್ಗುತ್ತಿದ್ದಾರೆ ಎಂದು ಟಿವಿ ನೋಡಿದರೆ ಅನಿಸುತ್ತದೆ. ವಾಸ್ತವ ಹಾಗಿಲ್ಲ. ನೂರರಲ್ಲಿ 67 ಜನ ಪಕ್ಕದ ದೇಶದಲ್ಲೇ ಇದ್ದಾರೆ. ನೂರರಲ್ಲಿ 73 ಜನರನ್ನು ಸಾಕುತ್ತಿರುವುದು ಬಡ ಮತ್ತು ಮಧ್ಯಮ ವರಮಾನದ ದೇಶಗಳು.

ಪುನರ್ವಸತಿ ಎಂದರೆ ಏನು

ನಮ್ಮ ಕಡೆ ಪುನರ್ವಸತಿ ಎಂದರೆ ಆಲಮಟ್ಟಿ ನೆನಪಾಗುತ್ತದೆ. ಹಿನ್ನೀರಿಗೆ ಊರು ಮುಳುಗುತ್ತದೆ, ಸರ್ಕಾರ ಬೇರೆ ಕಡೆ ಸೈಟು ಕೊಡುತ್ತದೆ. ನಿರಾಶ್ರಿತರ ವಿಷಯದಲ್ಲಿ ಈ ಮಾತಿಗೆ ಇನ್ನೊಂದು ಅರ್ಥ ಇದೆ. ಒಬ್ಬರು ತಮ್ಮ ದೇಶ ಬಿಟ್ಟು ಪಕ್ಕದ ದೇಶಕ್ಕೆ ಓಡಿ ಬಂದಿದ್ದಾರೆ. ಅಲ್ಲೂ ನೆಲೆ ನಿಲ್ಲಲು ಆಗುತ್ತಿಲ್ಲ. ಆಗ ಮೂರನೇ ದೇಶವೊಂದು "ಇವರನ್ನು ನಾವು ಇಟ್ಟುಕೊಳ್ಳುತ್ತೇವೆ" ಎಂದು ಒಪ್ಪಿ, ಕಾಗದ ಪತ್ರ ಕೊಟ್ಟು, ವಿಮಾನದಲ್ಲಿ ಕರೆಸಿಕೊಳ್ಳುತ್ತದೆ. ಅದು ಪುನರ್ವಸತಿ.

ಇದಕ್ಕೆ ನೇರವಾಗಿ ಅರ್ಜಿ ಹಾಕಲು ಸಾಮಾನ್ಯವಾಗಿ ಆಗುವುದಿಲ್ಲ. ಮೊದಲು ಯುಎನ್‌ಎಚ್‌ಸಿಆರ್‌ನಲ್ಲಿ ನೋಂದಣಿ. ಆಮೇಲೆ ಸಂದರ್ಶನ, ಒಂದಲ್ಲ, ಹಲವು. ಒಂಟಿ ತಾಯಂದಿರು, ಚಿತ್ರಹಿಂಸೆ ಅನುಭವಿಸಿದವರು, ಚಿಕಿತ್ಸೆ ಸಿಗದ ರೋಗಿಗಳು, ದಿಕ್ಕಿಲ್ಲದ ಮಕ್ಕಳು, ಹೀಗೆ ಹೆಚ್ಚು ಅಪಾಯದಲ್ಲಿರುವವರ ಫೈಲು ಮುಂದೆ ಹೋಗುತ್ತದೆ. ಅಲ್ಲಿಂದ ಕರೆಸಿಕೊಳ್ಳುವ ದೇಶದ ಅಧಿಕಾರಿಗಳ ಸಂದರ್ಶನ, ಭದ್ರತಾ ತಪಾಸಣೆ, ವೈದ್ಯಕೀಯ ತಪಾಸಣೆ. ಇದೆಲ್ಲ ಮುಗಿಯಲು ವರ್ಷಗಟ್ಟಲೆ ಹಿಡಿಯುತ್ತದೆ. ಅಷ್ಟರಲ್ಲಿ ವೈದ್ಯಕೀಯ ವರದಿಯ ಅವಧಿ ಮುಗಿದರೆ ಅದನ್ನು ಮತ್ತೆ ಮಾಡಿಸಬೇಕು.

2024ರಲ್ಲಿ ಈ ದಾರಿಯಲ್ಲಿ ನೆಲೆ ಕಂಡವರು ಸುಮಾರು 1 ಲಕ್ಷ 88 ಸಾವಿರ ಜನ. ಅಂದರೆ ಸಾವಿರ ನಿರಾಶ್ರಿತರಲ್ಲಿ ನಾಲ್ಕೈದು ಜನ. ಅದೇ ದೊಡ್ಡ ವರ್ಷ. ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರನ್ನು ಕರೆಸಿಕೊಂಡಿದ್ದು ಅಮೆರಿಕ. ಆ ವರ್ಷ ಅದರ ಮಿತಿ 1 ಲಕ್ಷ 25 ಸಾವಿರ ಇತ್ತು. 2025ರ ಜನವರಿ 20ರಂದು, ಅಧಿಕಾರ ವಹಿಸಿಕೊಂಡ ದಿನವೇ, ಟ್ರಂಪ್ ಈ ಕಾರ್ಯಕ್ರಮ ನಿಲ್ಲಿಸಿದರು. ವಿಮಾನದ ಟಿಕೆಟ್ ಕೈಗೆ ಬಂದಿದ್ದ ಕುಟುಂಬಗಳ ಪ್ರಯಾಣವೂ ರದ್ದಾಯಿತು. ಆಮೇಲೆ 2026ರ ಹಣಕಾಸು ವರ್ಷಕ್ಕೆ ನಿಗದಿ ಮಾಡಿದ ಮಿತಿ 7,500. ಅದರಲ್ಲೂ ಆದ್ಯತೆ ದಕ್ಷಿಣ ಆಫ್ರಿಕಾದ ಬಿಳಿಯ ಆಫ್ರಿಕಾನರ್‌ಗಳಿಗೆ. ಮನೆ ಸಾಮಾನು ಮಾರಿ, ಮಕ್ಕಳನ್ನು ಶಾಲೆ ಬಿಡಿಸಿ, ವಿಮಾನ ಹತ್ತಲು ತಯಾರಾಗಿದ್ದವರ ಕಥೆ ಏನು? ಈ ಸುದ್ದಿ ನಮ್ಮಲ್ಲಿ ಒಂದು ದಿನ ಬಂದು ಹೋಯಿತು. ನನಗೆ ಇನ್ನೂ ಮರೆಯಲಾಗಿಲ್ಲ.

ವಿಮಾನ ನಿಲ್ದಾಣದ ಕೌಂಟರಿನಲ್ಲಿ ಶುರುವಾಗುವ ಕಥೆ

"ಸುರಕ್ಷಿತ ಕಾನೂನುಬದ್ಧ ದಾರಿ" ಎಂದು ಸರ್ಕಾರಗಳು ಹೇಳುವುದು ಪುನರ್ವಸತಿ ಒಂದನ್ನೇ ಅಲ್ಲ. ಮೊದಲೇ ಹೋಗಿ ನೆಲೆಸಿದವರ ಗಂಡ, ಹೆಂಡತಿ, ಮಕ್ಕಳು ಸೇರಿಕೊಳ್ಳುವ ಕುಟುಂಬ ವೀಸಾ, ಮಾನವೀಯ ವೀಸಾ, ವಿದ್ಯಾರ್ಥಿ ವೇತನ, ಸಮುದಾಯದ ಪ್ರಾಯೋಜಕತ್ವ ಎಲ್ಲವೂ ಇದರಲ್ಲಿ ಸೇರುತ್ತವೆ.

ಇವು ಇಲ್ಲದಿದ್ದರೆ ಏನಾಗುತ್ತದೆ ಎಂಬುದು ಸಹಾರ್ ವಿಮಾನ ನಿಲ್ದಾಣಕ್ಕೆ ಹೋದವರಿಗೆಲ್ಲ ಅರ್ಥವಾಗುತ್ತದೆ. ಚೆಕ್-ಇನ್ ಕೌಂಟರಿನಲ್ಲಿ ಕೂತಿರುವುದು ವಿಮಾನ ಕಂಪನಿಯ ನೌಕರರು, ಸರ್ಕಾರದವರಲ್ಲ. ಆದರೂ ಅವರು ಬೋರ್ಡಿಂಗ್ ಪಾಸ್ ಕೊಡುವ ಮುಂಚೆ ವೀಸಾ ತಿರುವಿ ನೋಡುತ್ತಾರೆ. ಯಾಕೆ? ಕಾಗದ ಇಲ್ಲದವರನ್ನು ಹೊತ್ತು ತಂದರೆ ಕಂಪನಿಗೆ ದಂಡ. ಬ್ರಿಟನ್ 1987ರಲ್ಲಿ ಇದಕ್ಕೆ ಕಾಯ್ದೆ ಮಾಡಿತು. ಯುರೋಪಿನ ಒಕ್ಕೂಟ 2001ರಲ್ಲಿ ಮಾಡಿತು. ಭಾರತವೂ 2000ದಲ್ಲಿ ಮಾಡಿದೆ. ಇನ್ನೊಂದು ಕಡೆ, ಬ್ರಿಟನ್‌ನಲ್ಲಿ ಆಶ್ರಯ ಕೇಳಬೇಕೆಂದರೆ ಬ್ರಿಟನ್ ನೆಲದ ಮೇಲೆ ನಿಂತಿರಬೇಕು. ಆಶ್ರಯ ಕೇಳಲು ಬರುತ್ತೇನೆ ಎಂದರೆ ಕೊಡುವಂಥ ವೀಸಾ ಇಲ್ಲ. ಅಲ್ಲಿಗೆ ಹೋಗದೆ ಕೇಳುವಂತಿಲ್ಲ, ವಿಮಾನದಲ್ಲಿ ಹೋಗುವಂತಿಲ್ಲ. ಉಳಿದದ್ದು ರಬ್ಬರ್ ದೋಣಿ. ವಿಮಾನದ ಟಿಕೆಟ್‌ಗಿಂತ ಎಷ್ಟೋ ಪಟ್ಟು ಜಾಸ್ತಿ ದುಡ್ಡನ್ನು ಕಳ್ಳಸಾಗಣೆದಾರನಿಗೆ ಕೊಟ್ಟು ಜನ ಸಮುದ್ರಕ್ಕೆ ಇಳಿಯುವುದು ಹೀಗೆ.

2024ರಲ್ಲಿ ಸುಮಾರು 36,800 ಜನ ಸಣ್ಣ ದೋಣಿಗಳಲ್ಲಿ ಇಂಗ್ಲಿಷ್ ಕಾಲುವೆ ದಾಟಿದರು. ಅವರಲ್ಲಿ ಎಲ್ಲರಿಗಿಂತ ಹೆಚ್ಚು ಇದ್ದವರು ಅಫ್ಘನ್ನರು. ಇದರ ಪಕ್ಕದಲ್ಲಿ ಉಕ್ರೇನ್ ಇಟ್ಟು ನೋಡಿ. 2022ರ ಮಾರ್ಚ್‌ನಲ್ಲಿ ಬ್ರಿಟನ್ ಉಕ್ರೇನಿನವರಿಗೆ ಪ್ರತ್ಯೇಕ ವೀಸಾ ತೆರೆಯಿತು. ಬ್ರಿಟನ್‌ನ ಸಾಮಾನ್ಯ ಕುಟುಂಬಗಳು ತಮ್ಮ ಮನೆಯ ಕೋಣೆ ಕೊಟ್ಟವು. 2 ಲಕ್ಷಕ್ಕೂ ಹೆಚ್ಚು ಜನ ಬಂದರು. ದೋಣಿಯಲ್ಲಿ ಬಂದ ಉಕ್ರೇನಿನವರು ಇಲ್ಲವೆನ್ನುವಷ್ಟು ಕಡಿಮೆ. ಅದೇ ಯುರೋಪು, ಅದೇ ಸಮುದ್ರ. ಒಬ್ಬರಿಗೆ ದಾರಿ ಇತ್ತು, ಇನ್ನೊಬ್ಬರಿಗೆ ಇರಲಿಲ್ಲ. ಅಫ್ಘನ್ನರಿಗಾಗಿ ಇದ್ದ ಬ್ರಿಟನ್‌ನ ಯೋಜನೆಗಳಿಗೆ 2025ರ ಜುಲೈನಿಂದ ಹೊಸ ಅರ್ಜಿ ಹಾಕುವಂತಿಲ್ಲ. ಸೆಪ್ಟೆಂಬರ್‌ನಲ್ಲಿ ನಿರಾಶ್ರಿತರ ಕುಟುಂಬ ಸೇರ್ಪಡೆಯ ಹೊಸ ಅರ್ಜಿಗಳನ್ನೂ ತಡೆಹಿಡಿದರು. ದೋಣಿ ನಿಲ್ಲಿಸಬೇಕು ಎನ್ನುವ ಸರ್ಕಾರವೇ ದೋಣಿಗೆ ಬದಲಾಗಿದ್ದ ದಾರಿಯನ್ನು ಮುಚ್ಚಿತು. ನನಗೆ ಇದು ದೊಡ್ಡ ತಪ್ಪು ಎಂದೇ ಅನಿಸುತ್ತದೆ.

ದಾರಿ ತೆರೆದರೆ ದೋಣಿಗಳು ಪೂರ್ತಿ ನಿಲ್ಲುತ್ತವೆ ಎಂದು ನಾನು ಹೇಳುವುದಿಲ್ಲ. ವಿಯೆಟ್ನಾಂ ಇದಕ್ಕೆ ಹಳೆಯ ಪಾಠ. ಯುದ್ಧದ ನಂತರ ಜನ ದೋಣಿ ಹತ್ತಿ ದಕ್ಷಿಣ ಚೀನಾ ಸಮುದ್ರಕ್ಕೆ ಇಳಿದರು, ಲೆಕ್ಕವಿಲ್ಲದಷ್ಟು ಮಂದಿ ಮುಳುಗಿದರು. 1979ರಲ್ಲಿ ಯುಎನ್‌ಎಚ್‌ಸಿಆರ್ ಮತ್ತು ವಿಯೆಟ್ನಾಂ ಸೇರಿ, ದೇಶದೊಳಗಿನಿಂದಲೇ ವಿಮಾನದಲ್ಲಿ ಹೊರಡುವ ವ್ಯವಸ್ಥೆ ಮಾಡಿದವು. ಮುಂದಿನ ವರ್ಷಗಳಲ್ಲಿ ಲಕ್ಷಗಟ್ಟಲೆ ಜನ ಹಾಗೆ ಹೊರಟರು. ಆದರೂ 1980ರ ದಶಕದ ಕೊನೆಗೆ ದೋಣಿಗಳು ಮತ್ತೆ ಹೆಚ್ಚಿದವು. 1989ರಲ್ಲಿ ಇನ್ನೊಂದು ಒಪ್ಪಂದ ಬೇಕಾಯಿತು. ಯಾರು ನಿರಾಶ್ರಿತರು, ಯಾರು ಅಲ್ಲ ಎಂದು ಒಬ್ಬೊಬ್ಬರನ್ನೇ ವಿಚಾರಿಸಿ, ಅಲ್ಲದವರನ್ನು ವಾಪಸ್ ಕಳಿಸಿದರು. ಆ ವಾಪಸಾತಿ ಸುಲಭವಾಗಿರಲಿಲ್ಲ, ಜಗಳಗಳಾದವು. ಅಂದರೆ ದಾರಿಯೂ ಬೇಕು, ವಿಚಾರಣೆಯೂ ಬೇಕು. ಒಂದನ್ನು ಬಿಟ್ಟು ಇನ್ನೊಂದು ಸಾಗುವುದಿಲ್ಲ.

ಅದೇ ಕಾಲದಲ್ಲಿ ಕೆನಡಾ ಮಾಡಿದ್ದು ನನಗೆ ತುಂಬಾ ಇಷ್ಟ. ಐದು ಜನ ಅಥವಾ ಒಂದು ಚರ್ಚು, ಒಂದು ಸಂಘ ಸೇರಿ ಒಂದು ಕುಟುಂಬದ ಒಂದು ವರ್ಷದ ಹೊಣೆ ಹೊರಬಹುದು. ಮನೆ, ಬಟ್ಟೆ, ಭಾಷೆ, ಮಕ್ಕಳ ಶಾಲೆ ಎಲ್ಲ. 1979-80ರಲ್ಲಿ ಅಲ್ಲಿಗೆ ಬಂದ 60,000 ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯನ್ನು ಹೀಗೆ ಜನರೇ ಕರೆಸಿಕೊಂಡರು. ಹೊಸದಾಗಿ ಬಂದವನಿಗೆ ಹೋಟೆಲಿನ ಅಟ್ಟದಲ್ಲಿ ಮಲಗಲು ಜಾಗ, ಸಂಘದ ಮೂಲಕ ಕೆಲಸ, ರಾತ್ರಿ ಶಾಲೆಯಲ್ಲಿ ಅಕ್ಷರ ಎಂದು ಮಾಡಿಕೊಟ್ಟ ಮುಂಬೈ ಕನ್ನಡಿಗರಿಗೆ ಇದು ಹೊಸದೇನಲ್ಲ. ಈಗ ಕೆನಡಾ ಕೂಡ 2024ರ ನವೆಂಬರ್‌ನಲ್ಲಿ ಇಂಥ ಸಣ್ಣ ಗುಂಪುಗಳ ಹೊಸ ಅರ್ಜಿಗಳನ್ನು ತಡೆದಿದೆ. ಬಾಕಿ ಅರ್ಜಿಗಳ ರಾಶಿ ಕರಗಲಿ ಎಂಬ ಕಾರಣ ಕೊಟ್ಟಿದೆ.

ಬ್ಯಾರಕ್ ನಂಬರಿನ ವಿಳಾಸ

ಡೊಂಬಿವಲಿಯವರಿಗೆ ಉಲ್ಹಾಸನಗರ ಎಂದರೆ ಬಟ್ಟೆ, ಜೀನ್ಸ್, ಫರ್ನಿಚರ್. ರಿಕ್ಷಾದವನಿಗೆ "ಕ್ಯಾಂಪ್ ನಂಬರ್ ಮೂರು" ಎನ್ನುತ್ತೇವೆ. ಅದು ಯಾವ ಕ್ಯಾಂಪು ಎಂದು ಸುಮ್ನೆ ಕೂಡ ಯೋಚಿಸುವುದಿಲ್ಲ.

ಎರಡನೇ ಮಹಾಯುದ್ಧದ ಕಾಲದಲ್ಲಿ ಅದು ಕಲ್ಯಾಣದ ಮಿಲಿಟರಿ ಕ್ಯಾಂಪು. ಎರಡು ಸಾವಿರಕ್ಕೂ ಹೆಚ್ಚು ಬ್ಯಾರಕ್‌ಗಳಿದ್ದವು. ದೇಶ ಒಡೆದಾಗ ಸಿಂಧ್‌ನಿಂದ ಹಿಂದೂಗಳು ಹಡಗಿನಲ್ಲಿ ಕರಾಚಿಯಿಂದ ಮುಂಬೈ ಬಂದರಿಗೆ ಬಂದರು. 1948ರ ಜನವರಿಯಲ್ಲಿ ಕರಾಚಿಯಲ್ಲಿ ಗಲಭೆಯಾದ ಮೇಲೆ ಬರುವವರ ಸಂಖ್ಯೆ ಏರಿತು. ಸುಮಾರು ಒಂದು ಲಕ್ಷ ಜನರನ್ನು ಕಲ್ಯಾಣದ ಬ್ಯಾರಕ್‌ಗಳಲ್ಲಿ ಇಳಿಸಿದರು. 1949ರ ಆಗಸ್ಟ್‌ನಲ್ಲಿ ಗವರ್ನರ್ ಜನರಲ್ ರಾಜಗೋಪಾಲಾಚಾರಿಯವರು ಬಂದು ಊರಿಗೆ ಉಲ್ಹಾಸನಗರ ಎಂದು ಹೆಸರಿಟ್ಟರು. ಪುಣೆ ಹತ್ತಿರದ ಪಿಂಪ್ರಿಯಲ್ಲಿ, ಚೆಂಬೂರಿನಲ್ಲಿ, ಮುಲುಂಡಿನಲ್ಲಿ ಇನ್ನಷ್ಟು ಕಾಲೋನಿಗಳಾದವು. ನಮ್ಮ ಮಾಟುಂಗಾದ ಪಕ್ಕದಲ್ಲೇ, ಸಯನ್ ಕೋಳಿವಾಡದಲ್ಲಿ, ಪಂಜಾಬಿ ಕಾಲೋನಿ ಎದ್ದಿತು.

ಕ್ಯಾಂಪ್ ಮೂರರಲ್ಲಿ ನಾವು ಪರದೆ ಬಟ್ಟೆ ಕೊಳ್ಳುವ ಅಂಗಡಿಯ ಹಿರಿಯರ ಬಿಲ್ಲಿನಲ್ಲಿ ಈಗಲೂ ಬ್ಯಾರಕ್ ನಂಬರಿನ ವಿಳಾಸ ಇದೆ. ಬ್ಯಾರಕ್ ಹೋಗಿ ನಾಲ್ಕು ಮಹಡಿ ಎದ್ದಿದೆ. ಅವರ ತಂದೆ ಬಂದಾಗ ಒಂದು ಬ್ಯಾರಕ್‌ನಲ್ಲಿ ಗೋಣಿ ತಟ್ಟು ಕಟ್ಟಿ ಹಲವು ಕುಟುಂಬ ಇದ್ದವಂತೆ. ಲೋಕಲ್‌ನಲ್ಲಿ ಪೆಪ್ಪರ್‌ಮೆಂಟು ಮಾರುತ್ತಿದ್ದರಂತೆ. "ಹಸಿವಿತ್ತು, ಆದರೆ ಅಪ್ಪನಿಗೆ ನಾಳೆ ಓಡಿಸುತ್ತಾರೆ ಎನ್ನುವ ಭಯ ಇರಲಿಲ್ಲ" ಎಂದು ಅವರು ಹಿಂದಿಯಲ್ಲಿ ಹೇಳಿದ ಮಾತು ನನಗೆ ಈ ಲೇಖನದ ಅರ್ಧ ಭಾಗಕ್ಕೆ ಸಮ.

ಭಯ ಇಲ್ಲದಿರಲು ಕಾರಣ ಇತ್ತು. ಸಂವಿಧಾನದ 6ನೇ ವಿಧಿ ಇವರಿಗಾಗಿಯೇ ಬರೆದದ್ದು. ಪಾಕಿಸ್ತಾನವಾದ ಪ್ರದೇಶದಿಂದ 1948ರ ಜುಲೈ 19ಕ್ಕಿಂತ ಮುಂಚೆ ಬಂದು ನೆಲೆಸಿದವರು ಪ್ರಜೆಗಳು, ಆಮೇಲೆ ಬಂದವರು ನೋಂದಣಿ ಮಾಡಿಸಬೇಕು. ಮತ ಸಿಕ್ಕಿತು. ಸಾಲ ಸಿಕ್ಕಿತು. ಬಿಟ್ಟು ಬಂದ ಆಸ್ತಿಗೆ ಪರಿಹಾರ ಕೊಡಲು 1954ರಲ್ಲಿ ಕಾಯ್ದೆ ಬಂತು, ಜನ "ಕ್ಲೇಮ್" ಹಾಕಿದರು. ಎಲ್ಲ ಚೆನ್ನಾಗಿತ್ತು ಎಂದಲ್ಲ. ಉಲ್ಹಾಸನಗರದಲ್ಲಿ ಜಾಗದ ಸನದಿನ ತಕರಾರು ಬಹಳ ಮನೆಗಳಿಗೆ ಇನ್ನೂ ಬಿಟ್ಟಿಲ್ಲ. ಆದರೆ ಸರ್ಕಾರ ಒಂದು ತೀರ್ಮಾನ ಮಾಡಿತ್ತು, ಅದನ್ನು ಬರೆದು ಕೊಟ್ಟಿತ್ತು.

ಮುಂಡಗೋಡದಲ್ಲೂ ಊರು ಅಂದರೆ ನಂಬರು. ಕ್ಯಾಂಪ್ ಒಂದು, ಕ್ಯಾಂಪ್ ಎರಡು. ಮಠಗಳಿರುವಲ್ಲಿ ಲಾಮಾ ಕ್ಯಾಂಪ್ ನಂಬರ್ ಒಂದು, ಲಾಮಾ ಕ್ಯಾಂಪ್ ನಂಬರ್ ಎರಡು. 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದ ಮೇಲೆ ಟಿಬೆಟಿಯನ್ನರಿಗೆ ಜಾಗ ಕೊಡಿ ಎಂದು ನೆಹರು ರಾಜ್ಯಗಳನ್ನು ಕೇಳಿದರು. ಆಗಿನ ಮೈಸೂರು ರಾಜ್ಯ ದೊಡ್ಡ ಮನಸ್ಸು ಮಾಡಿತು. 1960ರಲ್ಲಿ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕೊಟ್ಟಿತು. 1966ರಲ್ಲಿ, ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದಾಗ, ಮುಂಡಗೋಡದಲ್ಲಿ ಸುಮಾರು 4,000 ಎಕರೆ ಕೊಟ್ಟಿತು. ಕಾಡು ಕಡಿದು ಮೆಕ್ಕೆಜೋಳ, ಭತ್ತ ಬೆಳೆದರು. ನಮ್ಮಪ್ಪ ಚಿಕ್ಕಂದಿನಲ್ಲಿ ನಮ್ಮನ್ನು ಅಲ್ಲಿನ ಮಠ ನೋಡಲು ಕರೆದುಕೊಂಡು ಹೋಗುತ್ತಿದ್ದರು.

ಉಲ್ಹಾಸನಗರಕ್ಕೂ ಮುಂಡಗೋಡಕ್ಕೂ ಇರುವ ಅಂತರ ಪರೇಲ್‌ನ ಆ ಅಂಗಡಿಯಲ್ಲಿ ಕಾಣುತ್ತದೆ. ಸಿಂಧಿಗಳಿಗೆ ಪೌರತ್ವ ಸಿಕ್ಕಿತು. ಟಿಬೆಟಿಯನ್ನರಿಗೆ ಜಮೀನು ಗುತ್ತಿಗೆಗೆ ಸಿಕ್ಕಿತು, ಶಾಲೆ ಸಿಕ್ಕಿತು, ಜೊತೆಗೆ ನವೀಕರಿಸುವ ಪುಸ್ತಕ ಸಿಕ್ಕಿತು. ಟಿಬೆಟಿಯನ್ನರಲ್ಲಿ ಬಹಳ ಜನ ತಮ್ಮ ದೇಶದ ಆಸೆ ಬಿಡಬಾರದೆಂದು ಭಾರತದ ಪೌರತ್ವ ಬೇಡ ಎಂದದ್ದೂ ಇದೆ, ಅದನ್ನು ನಾನು ಗೌರವಿಸುತ್ತೇನೆ. ಆದರೆ ಬೇಕು ಎನ್ನುವ ಮೂರನೇ ತಲೆಮಾರಿಗೆ ಬಾಗಿಲು ಸುಲಭವಾಗಿ ತೆರೆಯದಿರುವುದು ಬೇರೆ ಮಾತು. ಕಾನೂನಿನ ದಾರಿ ತೆರೆದಾಗ ಇವರು ಅದರಲ್ಲೇ ಹೋಗಿದ್ದಾರೆ. 1960ರ ದಶಕದಲ್ಲಿ ಸ್ವಿಟ್ಜರ್ಲೆಂಡ್ ಕರೆಸಿಕೊಂಡಿತು. 1990ರ ಕಾಯ್ದೆಯಲ್ಲಿ ಅಮೆರಿಕ ಭಾರತ ಮತ್ತು ನೇಪಾಳದ 1,000 ಟಿಬೆಟಿಯನ್ನರಿಗೆ ವೀಸಾ ಇಟ್ಟಿತು. ಆಮೇಲೆ ಕೆನಡಾ ಅರುಣಾಚಲದ 1,000 ಜನರನ್ನು ಕರೆಸಿಕೊಂಡಿತು.

ಇನ್ನೊಂದು ಜಾಗ ಬೆಳಗಾವಿಯವರಿಗೆ ತೀರ ಹತ್ತಿರ. ಕೊಲ್ಹಾಪುರದ ಬಳಿ ವಳಿವಡೆ. 1943ರಿಂದ 1948ರವರೆಗೆ ಅಲ್ಲಿ ಸುಮಾರು 5,000 ಪೋಲಿಷ್ ನಿರಾಶ್ರಿತರಿದ್ದರು. ಸ್ಟಾಲಿನ್ ಕಾಲದಲ್ಲಿ ಸೈಬೀರಿಯಾಕ್ಕೆ ಗಡೀಪಾರಾಗಿ, ಇರಾನ್ ದಾಟಿ ಬಂದವರು. ಹೆಚ್ಚಿನವರು ಹೆಂಗಸರು, ಮಕ್ಕಳು. ಶಾಲೆ, ಚರ್ಚು, ಆಸ್ಪತ್ರೆ ಎಲ್ಲ ಇತ್ತು. ಯುದ್ಧ ಮುಗಿದ ಮೇಲೆ ಕಮ್ಯುನಿಸ್ಟ್ ಪೋಲೆಂಡಿಗೆ ಹಿಂತಿರುಗಲು ಬಹಳ ಜನ ಹೆದರಿದರು. 1947ರಲ್ಲಿ ಬ್ರಿಟನ್ ಪೋಲಿಷ್ ಪುನರ್ವಸತಿ ಕಾಯ್ದೆ ಮಾಡಿದ ಮೇಲೆ ಬ್ರಿಟನ್ ಜೊತೆ ನಿಂತು ಯುದ್ಧ ಮಾಡಿದ್ದ ಪೋಲಿಷ್ ಸೈನಿಕರ ಕುಟುಂಬಗಳು ವಳಿವಡೆಯಿಂದ ಅಲ್ಲಿಗೆ ಹೊರಟವು. ಮೊದಲು ದೇಶ ಬಿಡುವುದು, ಆಮೇಲೆ ಆಶ್ರಯ, ಆಮೇಲೆ ಮೂರನೇ ದೇಶ. ಇವತ್ತು ಪುನರ್ವಸತಿ ಎನ್ನುವ ಇಡೀ ವ್ಯವಸ್ಥೆ ನಮ್ಮ ಗಡಿಯಾಚೆಯ ಒಂದು ಮರಾಠಿ ಹಳ್ಳಿಯಲ್ಲಿ ಆಗಲೇ ನಡೆದಿತ್ತು. 2024ರ ಆಗಸ್ಟ್‌ನಲ್ಲಿ ಪ್ರಧಾನಿ ಮೋದಿ ವಾರ್ಸಾಗೆ ಹೋದಾಗ ಕೊಲ್ಹಾಪುರ ಸ್ಮಾರಕಕ್ಕೆ ಹೂವಿಟ್ಟು ಬಂದರು.

ಕಾನೂನು ಇಲ್ಲ, ಆದೇಶ ಇದೆ

ಹೂವಿಡಲು ಹೆಮ್ಮೆಯಿದೆ. ಹಾಗಾದರೆ ಇವತ್ತು ಅಂಥವರು ಮುಂಬೈಗೆ ಬಂದರೆ? 2025ರ ಸೆಪ್ಟೆಂಬರ್ 1ರಿಂದ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಜಾರಿಗೆ ಬಂದಿದೆ. 1920, 1939, 1946ರ ಬ್ರಿಟಿಷ್ ಕಾಲದ ಕಾಯ್ದೆಗಳನ್ನೂ 2000ದ ವಿಮಾನ ಕಂಪನಿ ದಂಡದ ಕಾಯ್ದೆಯನ್ನೂ ತೆಗೆದು ಒಂದೇ ಕಾಯ್ದೆ ಮಾಡಿದ್ದಾರೆ. ಪಾಸ್‌ಪೋರ್ಟ್, ವೀಸಾ ಇಲ್ಲದೆ ಒಳಬಂದರೆ 5 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಇಷ್ಟು ದೊಡ್ಡ ಅವಕಾಶ ಇದ್ದಾಗಲೂ ನಿರಾಶ್ರಿತರು ಯಾರು, ಅವರು ಯಾರ ಮುಂದೆ ಕೇಳಿಕೊಳ್ಳಬೇಕು ಎಂದು ಅದರಲ್ಲಿ ಬರೆಯಲಿಲ್ಲ.

ಬದಲಿಗೆ ವಿನಾಯಿತಿ ಆದೇಶ ಬಂತು. ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನದಿಂದ 2024ರ ಡಿಸೆಂಬರ್ 31ರ ಒಳಗೆ ಬಂದ ಹಿಂದೂ, ಸಿಖ್, ಬೌದ್ಧ, ಜೈನ, ಪಾರ್ಸಿ, ಕ್ರೈಸ್ತರಿಗೆ ಕಾಗದ ಇಲ್ಲದಿದ್ದರೂ ಶಿಕ್ಷೆ ಇಲ್ಲ. 2015ರ ಜನವರಿ 9ರ ಒಳಗೆ ಬಂದು ನೋಂದಾಯಿಸಿದ ಶ್ರೀಲಂಕಾದ ತಮಿಳರಿಗೂ ವಿನಾಯಿತಿ. 2019ರ ಪೌರತ್ವ ತಿದ್ದುಪಡಿ ಕಾಯ್ದೆ ಇನ್ನೂ ಕಿರಿದು. ಆ ಮೂರು ದೇಶ, ಆ ಆರು ಧರ್ಮ, 2014ರ ಡಿಸೆಂಬರ್ 31ರ ಒಳಗೆ ಬಂದವರು. ಈ ವಿನಾಯಿತಿ ಪಡೆದವರಿಗೆ ಅದು ಜೀವದಾನ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮ್ಯಾನ್ಮಾರ್ ಸೇನೆಗೆ ಹೆದರಿ ಬಂದ ಚಿನ್ ಕ್ರೈಸ್ತರು, ರೋಹಿಂಗ್ಯಾ ಮುಸ್ಲಿಮರು, ತಾಲಿಬಾನ್‌ಗೆ ಹೆದರಿದ ಅಫ್ಘಾನಿಸ್ತಾನದ ಶಿಯಾ ಮುಸ್ಲಿಮರಾದ ಹಜಾರಾಗಳು ಯಾವ ಪಟ್ಟಿಯಲ್ಲೂ ಇಲ್ಲ. ಪಟ್ಟಿ ಕೇಳುವುದು ಯಾವ ದೇಶ, ಯಾವ ಧರ್ಮ ಎಂದು. ಜೀವಕ್ಕೆ ಅಪಾಯ ಇದೆಯೇ ಎಂದು ಒಬ್ಬೊಬ್ಬರನ್ನು ಕೇಳುವ ಜಾಗ ನಮ್ಮ ಕಾಯ್ದೆಯಲ್ಲಿಲ್ಲ.

ಪುಣೆಯಲ್ಲಿ ಇದರ ಇನ್ನೊಂದು ಮುಖ ಇದೆ. ಅಲ್ಲಿ ಎಷ್ಟೋ ವರ್ಷಗಳಿಂದ ಅಫ್ಘನ್ ವಿದ್ಯಾರ್ಥಿಗಳು ಬಂದು ಓದುತ್ತಿದ್ದಾರೆ, ಅನೇಕರು ಭಾರತ ಸರ್ಕಾರದ ವಿದ್ಯಾರ್ಥಿ ವೇತನದಲ್ಲೇ. 2021ರ ಆಗಸ್ಟ್‌ನಲ್ಲಿ ಕಾಬೂಲ್ ತಾಲಿಬಾನ್ ಕೈಗೆ ಹೋಯಿತು. ಅದೇ ತಿಂಗಳ 25ರಂದು ಭಾರತ, ಅಫ್ಘಾನಿಸ್ತಾನದಲ್ಲಿದ್ದವರಿಗೆ ಮೊದಲೇ ಕೊಟ್ಟಿದ್ದ ವೀಸಾಗಳನ್ನು ರದ್ದು ಮಾಡಿತು. ಹೊಸದಾಗಿ ತುರ್ತು ಇ-ವೀಸಾ ಎಂದು ತಂದಿತು. ರಜೆಗೆಂದು ಮನೆಗೆ ಹೋಗಿದ್ದವರು ಅಲ್ಲೇ ಸಿಕ್ಕಿಬಿದ್ದರು. ಇಲ್ಲಿದ್ದವರಿಗೆ ಬೇರೆ ಸಂಕಟ. ಓದು ಮುಗಿದರೆ ವೀಸಾ ಮುಗಿಯುತ್ತದೆ. ಪುಣೆಯಲ್ಲಿ ಕನ್ನಡದ ಗೆಳತಿಯೊಬ್ಬಳು ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಅವಳ ಹತ್ತಿರ ಓದಿದ ಅಫ್ಘನ್ ಹುಡುಗಿ ಒಂದು ಎಂ.ಎ. ಮುಗಿಸಿ ಇನ್ನೊಂದಕ್ಕೆ ಸೇರಿಕೊಂಡಳು. ವಿಷಯದ ಆಸೆಗಲ್ಲ, ವೀಸಾದ ಆಸೆಗೆ. ತನ್ನೂರಲ್ಲಿ ಹೆಣ್ಣುಮಕ್ಕಳಿಗೆ ಆರನೇ ತರಗತಿಯ ಮೇಲೆ ಶಾಲೆಯೇ ಇಲ್ಲ ಎನ್ನುವಾಗ ಅವಳು ಎಲ್ಲಿಗೆ ಹೋಗಬೇಕು? ವಿದ್ಯಾರ್ಥಿ ವೇತನ ಎನ್ನುವುದು ಭಾರತ ಕೈಯಾರೆ ಕಟ್ಟಿದ ಕಾನೂನಿನ ದಾರಿ. ಅದರ ಕೊನೆಯಲ್ಲಿ ಒಂದು ಕೆಲಸದ ವೀಸಾ ಇಟ್ಟರೆ ಸಾಕು, ಎಷ್ಟೋ ಜನರ ಬದುಕು ನಿಲ್ಲುತ್ತದೆ.

"ಮೊದಲೇ ನಮ್ಮವರಿಗೇ ಕೆಲಸ ಇಲ್ಲ, ಮುಂಬೈ ಈಗಲೇ ತುಂಬಿ ತುಳುಕುತ್ತಿದೆ" ಎಂದು ನನ್ನ ಮನೆಯಲ್ಲೇ ಹೇಳುವವರಿದ್ದಾರೆ. ಭದ್ರತೆಯ ಚಿಂತೆಯೂ ಸುಳ್ಳಲ್ಲ. ನನ್ನ ಉತ್ತರ ಇದು. ದಾರಿ ಇಟ್ಟರೆ ಯಾರು ಬಂದರು ಎಂದು ಗೊತ್ತಾಗುತ್ತದೆ. ಹೆಸರು, ಬೆರಳಚ್ಚು, ವಿಳಾಸ ಸರ್ಕಾರದ ಹತ್ತಿರ ಇರುತ್ತದೆ. ದಾರಿ ಇಲ್ಲದಿದ್ದರೆ ಪೊಲೀಸರ ಕೈಯಲ್ಲಿ ಎರಡೇ ಡಬ್ಬಿ: ಭಾರತೀಯ, ಇಲ್ಲವೇ ಅಕ್ರಮ. ಆಗ ಏನಾಗುತ್ತದೆ ನೋಡಿ. 2025ರ ಜೂನ್‌ನಲ್ಲಿ ಮುಂಬೈ ಸುತ್ತಮುತ್ತ ಕೂಲಿ ಮಾಡುತ್ತಿದ್ದ ಪಶ್ಚಿಮ ಬಂಗಾಳದ ಕೆಲವು ಕಾರ್ಮಿಕರನ್ನು ಬಾಂಗ್ಲಾದೇಶದವರೆಂದು ಹಿಡಿದು ಗಡಿಯಾಚೆ ದೂಡಲಾಯಿತು. ಆಮೇಲೆ ಅವರು ಭಾರತೀಯರೇ ಎಂದು ಗೊತ್ತಾಗಿ ವಾಪಸ್ ಕರೆತಂದರು. ನಾಕಾದಲ್ಲಿ ನಿಲ್ಲುವ ನಮ್ಮ ಕಲಬುರಗಿಯ ಕೂಲಿಯವನ ಜೇಬಿನಲ್ಲಿ ಯಾವ ಕಾಗದ ಇರುತ್ತದೆ? ಊರಲ್ಲಿ ಅವ್ವನ ಟ್ರಂಕಿನಲ್ಲಿ ಇರುತ್ತದೆ. ವಿಚಾರಣೆಗೆ ಒಂದು ಸರಿಯಾದ ಕಚೇರಿ, ಮೇಲ್ಮನವಿಗೆ ಒಂದು ಜಾಗ ಇದ್ದರೆ ಅದು ಅವನನ್ನೂ ಕಾಯುತ್ತದೆ.

ಇದನ್ನು ಮೊದಲು ಹೇಳುತ್ತಿರುವವಳು ನಾನೇನಲ್ಲ. 1990ರ ದಶಕದಲ್ಲೇ ನ್ಯಾಯಮೂರ್ತಿ ಪಿ.ಎನ್. ಭಗವತಿಯವರ ನೇತೃತ್ವದಲ್ಲಿ ಮಾದರಿ ಕಾನೂನೊಂದು ತಯಾರಾಗಿತ್ತು. ಶಶಿ ತರೂರ್ ಲೋಕಸಭೆಯಲ್ಲಿ 2015ರಲ್ಲಿ, ಮತ್ತೆ 2022ರಲ್ಲಿ ಖಾಸಗಿ ಮಸೂದೆ ತಂದರು. ಯಾವುದೂ ಕಾಯ್ದೆಯಾಗಲಿಲ್ಲ. 1996ರಲ್ಲಿ, ಅರುಣಾಚಲದಲ್ಲಿ ನೆಲೆಸಿದ್ದ ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 21ನೇ ವಿಧಿಯ ಜೀವದ ಹಕ್ಕು ವಿದೇಶಿಯರಿಗೂ ಇದೆ ಎಂದಿತು. 2021ರಲ್ಲಿ ಅದೇ ನ್ಯಾಯಾಲಯ ರೋಹಿಂಗ್ಯಾಗಳ ಗಡೀಪಾರಿಗೆ ತಡೆ ಕೊಡಲಿಲ್ಲ. ಕಾನೂನು ಇಲ್ಲದ ಕಡೆ ಪ್ರತಿ ಸಲ ಹೀಗೆ ಕೋರ್ಟಿನ ಬಾಗಿಲಲ್ಲಿ ಅದೃಷ್ಟ ನೋಡಬೇಕು.

ಪೂರ್ತಿ ಕಾಯ್ದೆ ಬರುವವರೆಗೆ ಕಾಯದೆ ಮಾಡಬಹುದಾದ ಕೆಲಸ ಒಂದಿದೆ. ಅದು ಎಕ್ಸಿಟ್ ಪರ್ಮಿಟ್. ಯುಎನ್‌ಎಚ್‌ಸಿಆರ್ ಕಾರ್ಡ್ ಇದ್ದು ವೀಸಾ ಇಲ್ಲದವರಿಗೆ ಬೇರೆ ದೇಶ ಪುನರ್ವಸತಿ ಕೊಟ್ಟರೂ, ಭಾರತ ಬಿಡಲು ವಿದೇಶಿಯರ ನೋಂದಣಿ ಕಚೇರಿಯ ಅನುಮತಿ ಬೇಕು. ಬಂದ ದಾರಿ ಯಾವುದು, ಇಷ್ಟು ದಿನ ಯಾಕೆ ಇದ್ದಿರಿ, ದಂಡ ಎಷ್ಟು ಎಂಬ ಪ್ರಶ್ನೆಗಳು ಅಲ್ಲಿ ಏಳುತ್ತವೆ. ಇತ್ತ ಆ ದೇಶದ ವೈದ್ಯಕೀಯ ವರದಿಯ ಅವಧಿ ಓಡುತ್ತಿರುತ್ತದೆ. ಇನ್ನೊಂದು ದೇಶ ಕರೆದಿರುವಾಗ, ನಾವೂ ಇಟ್ಟುಕೊಳ್ಳುವುದಿಲ್ಲ ಎನ್ನುವಾಗ, ಹೊರಡುವವರನ್ನು ತಡೆಯುವುದು ಯಾರ ಒಳಿತಿಗೆ? ಇಂತಿಷ್ಟು ದಿನದೊಳಗೆ ಪರ್ಮಿಟ್ ಕೊಡಬೇಕು, ದಂಡ ಮನ್ನಾ ಆಗಬೇಕು ಎಂದು ಗೃಹ ಸಚಿವಾಲಯ ಒಂದು ಆದೇಶ ಹೊರಡಿಸಿದರೆ ಮುಗಿಯಿತು.

ಇದಕ್ಕೆ ಮುಂಬೈಯಲ್ಲೇ ಆಧಾರ ಇದೆ. 1994ರಲ್ಲಿ ಇರಾನಿನ ನಿರಾಶ್ರಿತರೊಬ್ಬರನ್ನು ಗಡೀಪಾರು ಮಾಡುವ ಪ್ರಕರಣ ಬಾಂಬೆ ಹೈಕೋರ್ಟಿಗೆ ಬಂತು. ಯುಎನ್‌ಎಚ್‌ಸಿಆರ್ ಅವರನ್ನು ನಿರಾಶ್ರಿತರೆಂದು ಒಪ್ಪಿರುವಾಗ ಇರಾನಿಗೆ ಕಳಿಸುವ ಪ್ರಶ್ನೆಯೇ ಇಲ್ಲ ಎಂದು ನ್ಯಾಯಾಲಯ ಹೇಳಿತು. ಅವರು ಬಯಸಿದ ದೇಶಕ್ಕೆ ಹೋಗಲು ಬಿಟ್ಟಿತು.